ಮೊಗ್ಗಿನ ಜಡೆಯಲ್ಲಿ ನಾನು

ನನ್ನ ಫೋಟೋಗಳಲ್ಲಿ ಚೆನ್ನಾಗಿ ಬಂದಿರುವುದು ಒಂದೇ ಒಂದು. ಅದರಲ್ಲಿ ನಾನು ಹುಡುಗಿ.

ಆಗ ನನಗೆ ಮೂರು ವರ್ಷ. ಮುಡಿ ಕೊಡುವ ಮೊದಲು ಆಸೆ ತೀರಿಸಿಕೊಳ್ಳಲೆಂದು ಅಮ್ಮ ಲಂಗ ತೊಡಿಸಿ, ಚೌರಿ ಸೇರಿಸಿ ಮೊಗ್ಗಿನ ಜಡೆ ಹಾಕಿಸಿ, ಹಲಸೂರಿನ ಸ್ಟುಡಿಯೋಗೆ ಎತ್ತಿಕೊಂಡು ಹೋಗಿದ್ದಳು. ಜಡೆ ಕಾಣಲೆಂದು ಬೆನ್ನ ಹಿಂದೆ ಕನ್ನಡಿ. ನಮ್ಮ ಬೀದಿಯ ಅರ್ಧ ಗಂಡುಮಕ್ಕಳಿಗೆ ಈ ಭಾಗ್ಯ ಸಿಕ್ಕಿತ್ತು. ಕೆ.ಆರ್. ಪುರದ ನಮ್ಮ ಮನೆಗೆ ಯಾರೇ ಬಂದರೂ ಹೆಂಡತಿ ಮೊದಲು ಗೋಡೆಯ ಮೇಲಿನ ಆ ಫೋಟೋ ತೋರಿಸುತ್ತಾಳೆ, ಆಮೇಲೆ ನನ್ನನ್ನು.

ಈಚೆಗೆ ಚೈತ್ರಾ ಬಂದು ಅದನ್ನು ಕೇಳಿದಳು. ಚೈತ್ರಾ ನನ್ನ ಅಕ್ಕನ ಮಗಳು. ಎರಡು ವರ್ಷದ ಹಿಂದಿನವರೆಗೆ ಅಕ್ಕನ ಮಗ. ತಾನು ಹೆಣ್ಣು ಎಂದು ಮನೆಯಲ್ಲಿ ಹೇಳಿದ ದಿನದಿಂದ ಭಾವ ಅವಳೊಂದಿಗೆ ಮಾತು ಬಿಟ್ಟಿದ್ದಾರೆ. ಅವಳು ಫೋಟೋಗ್ರಾಫರ್. ತನ್ನಂಥವರನ್ನು ಹೂ, ಬಳ್ಳಿಗಳ ಜೊತೆ ನಿಲ್ಲಿಸಿ ತೆಗೆದ ಚಿತ್ರಗಳನ್ನು ಇಂದಿರಾನಗರದಲ್ಲಿ ಪ್ರದರ್ಶನಕ್ಕಿಡುತ್ತಾಳಂತೆ, ಅವುಗಳ ಜೊತೆ ನನ್ನದೂ ಬೇಕಂತೆ. ಹೂವುಗಳಲ್ಲೂ ಗಂಡು ಹೆಣ್ಣು ನಾವಂದುಕೊಂಡಷ್ಟು ಸಲೀಸಲ್ಲ ಎಂದು ವಿವರಿಸಿದಳು. ನಾನು ತಲೆಯಾಡಿಸಿದೆ. ಅರ್ಥವಾಗದ್ದಕ್ಕೆಲ್ಲ ತಲೆಯಾಡಿಸುವುದು ನನ್ನ ಅಭ್ಯಾಸ.

ಏನಾದರೂ ಹೇಳಬೇಕಲ್ಲ ಎಂದು, ಇಂಥ ಫೋಟೋ ನಿನ್ನದೂ ಒಂದಿತ್ತಲ್ಲ ಎಂದೆ.

“ಇತ್ತು ಮಾಮ. ಇಪ್ಪತ್ತು ವರ್ಷ ಗೋಡೇಲೇ ಇತ್ತು. ನಾನು ಹೇಳಿದ್ ದಿನ ಅಪ್ಪ ಇಳಿಸ್ಬಿಟ್ರು.”

ನನಗೆ ನಾಚಿಕೆಯಾಯಿತು. ಯಾಕೆಂದು ಸರಿಯಾಗಿ ತಿಳಿಯಲಿಲ್ಲ. ಫೋಟೋ ಕೊಟ್ಟು ಕಳಿಸಿದೆ.

ಹೈಸ್ಕೂಲಿನಲ್ಲಿ ದಾಸವಾಳ ಸೀಳಿ ಪುಸ್ತಕಕ್ಕೆ ಅಂಟಿಸಿ, ಗಂಡು ಭಾಗ ಹೆಣ್ಣು ಭಾಗ ಎರಡೂ ಒಂದೇ ಹೂವಿನಲ್ಲಿವೆ ಎಂದು ಬರೆದು ಹತ್ತಕ್ಕೆ ಒಂಬತ್ತು ಅಂಕ ಗಿಟ್ಟಿಸಿದವನು ನಾನು. ಅದೇ ಹೂವನ್ನು ದಿನಾ ದೇವರಿಗೆ ಏರಿಸುತ್ತೇನೆ. ದೇವರು ಈವರೆಗೆ ತಕರಾರು ತೆಗೆದಿಲ್ಲ. ಅಕ್ಕನ ಮಗು ಎದುರಿಗೆ ಕೂತಾಗ ಮಾತ್ರ ಪಾಠವೆಲ್ಲ ಮರೆತುಹೋಯಿತು. ಲಂಗ ತೊಡುವುದು ಮೂರು ವರ್ಷಕ್ಕೆ ಮುದ್ದು, ಇಪ್ಪತ್ತಾರಕ್ಕೆ ಮಾನ ಹೋಗುವ ವಿಷಯ. ನಡುವೆ ಯಾವ ಹುಟ್ಟುಹಬ್ಬದಂದು ಹೀಗಾಯಿತು ಎಂದು ಯೋಚಿಸುತ್ತಲೇ ಇದ್ದೇನೆ.

ಪ್ರದರ್ಶನ ಮುಗಿದು ನನ್ನ ಫೋಟೋ ವಾಪಸ್ ಬಂತು. ಜೊತೆಗೆ ಇನ್ನೊಂದನ್ನು ನಾನೇ ಕೇಳಿ ತಂದೆ: ಚೈತ್ರಾ, ಮೊಗ್ಗಿನ ಜಡೆ, ಹಿಂದೆ ಕನ್ನಡಿ. ಆ ಜಡೆಗೆ ಶಿವಾಜಿನಗರದಿಂದ ಮಲ್ಲಿಗೆ ಮೊಗ್ಗು ತಂದುಕೊಟ್ಟವನೂ ನಾನೇ. ಬಸ್ಸಿನಲ್ಲಿ ಬರುವಷ್ಟರಲ್ಲಿ ಅರ್ಧ ಅರಳಿದ್ದವು, ಅವಳು ಬೈಯಲಿಲ್ಲ.

ನನಗಿನ್ನೂ ಎಲ್ಲ ಗೊಂದಲವೇ. ಆದರೂ ನನ್ನ ಫೋಟೋದ ಪಕ್ಕ ಮೊಳೆ ಹೊಡೆದು ಅವಳದನ್ನೂ ಹಾಕಿದ್ದೇನೆ. ಭಾನುವಾರ ಭಾವ ಊಟಕ್ಕೆ ಬರುತ್ತಾರೆ. ಅವರು ಯಾವಾಗಲೂ ಕೂರುವ ಕುರ್ಚಿ ಆ ಗೋಡೆಗೆ ಎದುರಾಗಿದೆ. ಕುರ್ಚಿಯನ್ನು ಬೇರೆ ಕಡೆ ತಿರುಗಿಸಿಡಲೇ ಎಂದು ಹೆಂಡತಿ ಕೇಳಿದಳು.

ಬೇಡ ಎಂದೆ.