ತಗಡಿನ ಮೇಲೆ ಒಂದೇ ಸದ್ದು

ಆಗ ನಮ್ಮ ಲೈನಿನಲ್ಲಿ ಯಾರಿಗೂ ಕ್ಯಾಲೆಂಡರು ಬೇಕಿರಲಿಲ್ಲ. ಕಾಫಿ ಹಣ್ಣು ಸುಲಿಯುವ ಪಲ್ಪರ್ ಶೆಡ್ಡಿನ ಕಡೆಯಿಂದ ಸಿಪ್ಪೆಯ ಹುಳಿವಾಸನೆ ಬಂದರೆ ಕೊಯ್ಲು ಶುರುವಾಯಿತು ಎಂದರ್ಥ. ಆ ಹುಳಿವಾಸನೆಯ ಮೇಲೆ ಒಂದು ಬೆಳಿಗ್ಗೆ ಕಾಫಿ ಹೂವಿನ ಘಮ ಬಂದು ಕೂತರೆ ಮಾರ್ಚ್ ಬಂತು, ಮಕ್ಕಳ ಪರೀಕ್ಷೆ ಬಂತು. ಕಳಸದಿಂದ ಒಳಗಿದ್ದ ಆ ಎಸ್ಟೇಟಿನಲ್ಲಿ ಕೆಲಸದವರ ಮನೆಗಳೆಲ್ಲ ಒಂದೇ ಸಾಲಿನಲ್ಲಿದ್ದವು. ಆ ಸಾಲಿಗೇ ಲೈನು ಎನ್ನುತ್ತಿದ್ದದ್ದು. ಅಂಥ ಕಡೆ ಬೆಳೆದವರಿಗೆ ಬೆಲ್ಲದ ಕಪ್ಪು ಕಾಫಿಯಲ್ಲಿ ಅಕ್ಕಿರೊಟ್ಟಿ ಅದ್ದಿ ತಿಂದ ರುಚಿ ಇನ್ನೂ ನೆನಪಿರಬಹುದು. ನನಗೂ ಇದೆ. ಆದರೆ ನಾನು ಬರೆಯಲು ಕೂತಿರುವುದು ಆ ರುಚಿಯನ್ನಲ್ಲ. ಅಂಥ ಒಂದು ಮಾರ್ಚಿನಲ್ಲಿ ನನ್ನ ತಂಗಿ ಗಿರಿಜನಿಗೆ ನಾನು ಮಾಡಿದ್ದನ್ನು.

ನನಗೆ ಹದಿನೈದು, ಅವಳಿಗೆ ಹದಿಮೂರು. ನಾನು ಏಳನೇ ಕ್ಲಾಸು ಮುಗಿಸಿದ ವರ್ಷ ಅಮ್ಮನಿಗೆ ಸೊಂಟ ಹಿಡಿಯಿತು. ಅವಳ ಬುಟ್ಟಿ ನನ್ನ ಪಾಲಿಗೆ ಬಂತು, ಓದು ಅಲ್ಲಿಗೆ ನಿಂತಿತು. ಆದರೆ ತೋಟದಲ್ಲಿ ನನ್ನ ಕೈಗೆ ಹೆಸರು ಬಂತು. ನಾನು ಎರಡೂ ಕೈಯಲ್ಲಿ ಒಂದೇ ಸಮ ಹಣ್ಣು ಬಿಡಿಸುತ್ತಿದ್ದೆ. ಎಡಗೈ ಬಲಗೈಗಿಂತ ಒಂದು ಚೂರೂ ಹಿಂದೆ ಉಳಿಯುತ್ತಿರಲಿಲ್ಲ. ಐದು ಕಲ್ಲಿನ ಆಟದಲ್ಲಿ ನನ್ನನ್ನು ಸೋಲಿಸಿದವರಿರಲಿಲ್ಲ. ‘ಸರೋಜನ ಕೈ ನೋಡಿ ಕಲೀರಿ’ ಎಂದು ಮೇಸ್ತ್ರಿ ದೊಡ್ಡ ಹೆಂಗಸರಿಗೂ ಹೇಳುತ್ತಿದ್ದ.

ಗಿರಿಜ ಕಳಸದ ಹೈಸ್ಕೂಲಿನಲ್ಲಿ ಎಂಟನೇ ಕ್ಲಾಸು. ಸ್ಕೂಲಿಂದ ಬಂದವಳೇ ಕಣಕ್ಕಿಳಿದು, ಒಣಗಲು ಹರವಿದ ಕಾಫಿ ಬೀಜವನ್ನು ಕಾಲಿನಿಂದ ಸಾಲು ಸಾಲಾಗಿ ಕದಡುತ್ತಾ ವರ್ಷದ ಪಾಠವನ್ನೆಲ್ಲ ಮೊದಲಿಂದ ಹೇಳಿಕೊಳ್ಳುತ್ತಿದ್ದಳು. ಜಡತ್ವ, ಸಾಂದ್ರತೆ, ಗುರುತ್ವ. ಬರೀ ಬಾಯಿಪಾಠ ಅವಳಿಗೆ ಆಗುತ್ತಿರಲಿಲ್ಲ. ಬಸ್ಸು ಗಕ್ಕನೆ ನಿಂತು ಎಲ್ಲರೂ ಮುಂದಕ್ಕೆ ಮುಗ್ಗರಿಸಿದರೆ, ‘ಡ್ರೈವರಣ್ಣನ್ನ ಬೈಬೇಡಿ, ಇದು ಜಡತ್ವ’ ಎನ್ನುವವಳು. ಹಣ್ಣು ತೊಳೆಯುವ ತೊಟ್ಟಿಯಲ್ಲಿ ಜೊಳ್ಳು ಮೇಲೆ ತೇಲಿದರೂ ಅವಳಿಗೆ ಪಾಠವೇ.

“ಇದು ಯಾಕೆ ತೇಲ್ತದೆ ಗೊತ್ತಾ ಲಕ್ಷ್ಮಕ್ಕ? ಸಾಂದ್ರತೆ ಕಮ್ಮಿ.”

“ಜೊಳ್ಳು ಅಂದ್ರೆ ಸಾಕಲ್ಲ ಮಾರಾಯ್ತಿ,” ಎಂದಳು ಪಕ್ಕದ ಮನೆಯ ಲಕ್ಷ್ಮಕ್ಕ. “ಅಷ್ಟು ಹೇಳೋಕೆ ಕಳಸದ ತನಕ ಹೋಗ್ಬೇಕಾ?”

ಒಂದು ದಿನ ಗಿರಿಜ, ಭಾರದ್ದಾಗಲಿ ಹಗುರದ್ದಾಗಲಿ ಎಲ್ಲ ವಸ್ತುಗಳೂ ಒಂದೇ ವೇಗೋತ್ಕರ್ಷದಿಂದ ಬೀಳುತ್ತವೆ ಎಂದು ಜೋರಾಗಿ ಹೇಳಿಕೊಳ್ಳುತ್ತಿದ್ದಾಗ ರೈಟರು ಅಲ್ಲೇ ನಿಂತಿದ್ದರು. ಎಸ್ಟೇಟಿನ ಹಾಜರಿ, ತೂಕ ಎಲ್ಲ ಬರೆಯುತ್ತಿದ್ದವರು ಅವರು. ಅಪ್ಪ ಪಲ್ಪರಿನ ಬೆಲ್ಟಿಗೆ ಎಣ್ಣೆ ಹಾಕುತ್ತಿದ್ದ.

“ಎಂತ ಹೇಳಿದ್ದು? ಮೂಟೆ ಕಾಫಿನೂ ಒಂದು ಬೀಜನೂ ಒಟ್ಟಿಗೆ ಬೀಳ್ತವಾ?” ಎಂದರು ರೈಟರು.

“ಹೌದು ರೈಟ್ರೇ. ಗಾಳಿ ತಡೀದಿದ್ರೆ.”

ಕಣದಲ್ಲಿದ್ದವರೆಲ್ಲ ನಕ್ಕರು. ರೈಟರು ಅಪ್ಪನ ಕಡೆ ತಿರುಗಿದರು. “ಇದನ್ನ ಕಲಿಯೋಕಾ ಶೀನ ನೀನು ಮಗಳನ್ನ ಕಳಿಸೋದು? ದೊಡ್ಡವಳ ಹಾಗೆ ಇವಳನ್ನೂ ತೋಟಕ್ಕೆ ಹಾಕು. ನಾಲ್ಕು ಜನ ಮೆಚ್ಚುವ ಹಾಗೆ ಕೆಲಸ ಆದ್ರೂ ಕಲೀತಾಳೆ.”

ಅಪ್ಪನಿಗೆ ಅವಮಾನವಾಯಿತು. ಅದು ತಿರುಗಿದ್ದು ಗಿರಿಜನ ಮೇಲೆ. “ದೊಡ್ಡವರ ಹತ್ರ ಎದುರು ಮಾತಾಡೋದು ಕಲ್ತಿದೀಯಲ್ಲ. ನಿಜ ಆದ್ರೆ ತೋರ್ಸು. ಸುಳ್ಳಾದ್ರೆ ಜೂನಿಂದ ಸ್ಕೂಲಿಲ್ಲ.”

“ಭಾನುವಾರ ತೋರಿಸ್ತೀನಿ,” ಎಂದಳು ಅವಳು, ಕಾಲಾಡಿಸುವುದನ್ನು ನಿಲ್ಲಿಸದೆ.

ಭಾನುವಾರದವರೆಗೆ ಪ್ರತಿ ಸಂಜೆ ನಾವಿಬ್ಬರೂ ಅಭ್ಯಾಸ ಮಾಡಿದೆವು. ನಾನು ಮನೆ ಹಿಂದಿನ ಪೇರಲೆ ಮರ ಹತ್ತಿ ಒಂದು ಕೈಯಲ್ಲಿ ದೊಡ್ಡ ಕಲ್ಲು, ಇನ್ನೊಂದರಲ್ಲಿ ಸಣ್ಣ ಕಲ್ಲು ಹಿಡಿದು ಒಟ್ಟಿಗೆ ಬಿಡುತ್ತಿದ್ದೆ. ಕೆಳಗೆ ಹಳೆಯ ತಗಡಿನ ಪಕ್ಕ ಅವಳು ಕಣ್ಣು ಮುಚ್ಚಿ ಕೂತಿರುತ್ತಿದ್ದಳು. ಕಣ್ಣು ಮೋಸ ಮಾಡಬಹುದು, ಕಿವಿ ಮಾಡುವುದಿಲ್ಲ ಎಂದು ತಗಡಿನ ಉಪಾಯ ಹೊಳೆದದ್ದು ಅವಳಿಗೇ. ಯಾವ ಮೇಷ್ಟರೂ ಹೇಳಿಕೊಟ್ಟದ್ದಲ್ಲ. ಪ್ರತಿ ಸಲವೂ ಒಂದೇ ‘ಢಣ್’. ಆದ್ದರಿಂದ ನಿಜ ಯಾವುದೆಂದು ನನಗೆ ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಲೈನಿನವರೆಲ್ಲ ಕಣಕ್ಕೆ ಬಂದರು. ಪಲ್ಪರ್ ಶೆಡ್ಡಿಗೆ ಹಣ್ಣು ಸುರಿಯುವ ಮೇಲುಕಟ್ಟೆ ಎರಡಾಳು ಎತ್ತರವಿತ್ತು. ಅದರ ಕೆಳಗೆ ಗಿರಿಜ ತಗಡು ಹಾಸಿದಳು. ರೈಟರು ನಗುತ್ತಲೇ ತೂಕದ ಮನೆಯಿಂದ ಎರಡು ಕೆ.ಜಿ.ಯ ಕಬ್ಬಿಣದ ಕಲ್ಲು, ಇನ್ನೂರು ಗ್ರಾಮಿನ ಕಲ್ಲು ತಂದುಕೊಟ್ಟರು.

“ಒಂದು ಸದ್ದು ಬಂದ್ರೆ ನಾನು ಹೇಳಿದ್ದು ಸರಿ. ಎರಡು ಬಂದ್ರೆ ನೀವು ಹೇಳಿದ್ದು,” ಎಂದಳು ಗಿರಿಜ.

ಅವಳು ಒಂದು ಹಲಗೆಯನ್ನೂ ತಂದಿದ್ದಳು. ಎರಡೂ ಕಲ್ಲನ್ನು ಕಟ್ಟೆಯ ಅಂಚಿಗಿಟ್ಟು ಹಲಗೆಯಿಂದ ಒಟ್ಟಿಗೆ ದಬ್ಬಿದರೆ ಕೈಯ ತಪ್ಪು ಬರುವುದಿಲ್ಲ ಎಂದಳು. ನಾನು ಹಲಗೆ ಇಸಿದುಕೊಳ್ಳಲಿಲ್ಲ.

“ಯಾಕೆ, ನನ್ನ ಕೈ ಮೇಲೆ ನಂಬಿಕೆ ಇಲ್ವಾ?”

ಅವಳು ಹಲಗೆಯನ್ನು ಗೋಡೆಗೆ ಒರಗಿಸಿದಳು. ಕಲ್ಲುಗಳನ್ನು ನನ್ನ ಕೈಗೆ ಕೊಡುತ್ತಾ ಮೆಲ್ಲಗೆ ಹೇಳಿದಳು: “ಗೆದ್ರೆ ಮುಂದಿನ ವರ್ಷದ ಪಾಠ ಎಲ್ಲ ನಿಂಗೂ ಹೇಳ್ಕೊಡ್ತೀನಿ ಅಕ್ಕ.”

ಅವಳಿಗೆ ಅಕ್ಷರ ತಿದ್ದಿಸಿದವಳು ನಾನು. ಅವಳು ಪ್ರೀತಿಯಿಂದಲೇ ಹೇಳಿದ್ದು, ಅದೂ ನನಗೆ ಗೊತ್ತು. ಆದರೆ ಮೆಟ್ಟಿಲು ಹತ್ತುವಾಗ ಒಂದೊಂದು ಮೆಟ್ಟಿಲಿಗೂ ಆ ಮಾತು ಚುಚ್ಚಿತು. ನನ್ನ ಸ್ಕೂಲು ನಿಂತಾಗ ಯಾರೂ ನನ್ನನ್ನು ಕಟ್ಟೆ ಹತ್ತಿಸಿ ಪರೀಕ್ಷೆ ಮಾಡಿರಲಿಲ್ಲ. ಒಂದು ಬೆಳಿಗ್ಗೆ ಬುಟ್ಟಿ ಕೊಟ್ಟಿದ್ದರು, ಅಷ್ಟೆ.

ರೈಟರು ಮೂರು ಎಣಿಸಿದರು. ನಾನು ದೊಡ್ಡ ಕಲ್ಲಿದ್ದ ಬಲಗೈಯನ್ನು ಮೊದಲು ಬಿಚ್ಚಿದೆ. ಎಡಗೈಯನ್ನು ಒಂದು ಕಣ್ಣು ಮಿಟುಕುವಷ್ಟು ತಡೆದೆ.

‘ಢಣ್.’ ಆಮೇಲೆ ‘ಟಣ್.’

ಎಲ್ಲರೂ ಹೋ ಎಂದರು. ಗಿರಿಜ ಕಲ್ಲುಗಳನ್ನು ನೋಡಲಿಲ್ಲ. ತಲೆಯೆತ್ತಿ ನನ್ನನ್ನು ನೋಡಿದಳು.

“ಇನ್ನೊಂದ್ಸಲ. ಹಲಗೇಲಿ.”

“ಎಷ್ಟು ಸಲ ಮಾರಾಯ್ತಿ? ನೀನು ಗೆಲ್ಲೋ ತನಕನಾ?” ಎಂದರು ರೈಟರು.

“ಕೈ ತಪ್ಪಿರ್ಬಹುದು.”

“ಸರೋಜನ ಕೈಯಾ?” ಎಂದ ಮೇಸ್ತ್ರಿ. “ಈ ತೋಟದಲ್ಲಿ ತಪ್ಪದ ಕೈ ಅಂದ್ರೆ ಅದೊಂದೇ.”

ಅಪ್ಪ ಮೇಲೆ ನೋಡಿದ. “ಸರಿಯಾಗಿ ಬಿಟ್ಯಾ ಮಗ?”

ಆಗಲೂ ನಿಜ ಹೇಳಬಹುದಿತ್ತು. ನಾನು ಹೌದೆಂದು ತಲೆಯಾಡಿಸಿದೆ.

“ಸಾಕು. ನಡೀರಿ ಎಲ್ಲ,” ಎಂದ ಅಪ್ಪ.

ಗಿರಿಜ ನಡೆಯಲಿಲ್ಲ. ಅಷ್ಟು ಜನರ ಬೆನ್ನಿಗೆ ಕೇಳುವ ಹಾಗೆ ಹೇಳಿದಳು: “ನಿಮ್ಮ ಎದುರು ಎರಡು ಸದ್ದು ಬಂತು. ಆದ್ರೂ ಅವು ಬೀಳೋದು ಒಟ್ಟಿಗೇ.”

ಅವಳು ಪರೀಕ್ಷೆ ಬರೆದಳು, ವಿಜ್ಞಾನದಲ್ಲಿ ಕ್ಲಾಸಿಗೇ ಮೊದಲು ಬಂದಳು. ಜೂನಿನಲ್ಲಿ ಅವಳ ಕೈಗೂ ಬುಟ್ಟಿ ಬಂತು. ಜನರ ಮುಂದೆ ಆಡಿದ ಮಾತನ್ನು ಅಪ್ಪ ಹಿಂದೆ ತೆಗೆದುಕೊಳ್ಳುವವನಲ್ಲ. ಅವಳು ಅಳಲಿಲ್ಲ, ಬೇಡಿಕೊಳ್ಳಲಿಲ್ಲ. ಆದರೆ ಜೂನಿಗೆ ಮುಂಚಿನ ಆ ಬೇಸಿಗೆ ರಜೆ ಪೂರ್ತಿ, ದಿನಾ ಮಧ್ಯಾಹ್ನ ಎಲ್ಲರೂ ಬುತ್ತಿ ಬಿಚ್ಚುವ ಹೊತ್ತಿಗೆ, ಒಬ್ಬಳೇ ಮೇಲುಕಟ್ಟೆ ಹತ್ತಿ ಹಳ್ಳದಿಂದ ತಂದ ಎರಡು ಕಲ್ಲುಗಳನ್ನು ಹಲಗೆಯಿಂದ ದಬ್ಬುತ್ತಿದ್ದಳು. ಢಣ್. ಒಂದೇ ಸದ್ದು. ‘ಬಾರಿಸಿತು ನೋಡು ಗಿರಿಜನ ಗಂಟೆ’ ಎಂದು ಲಕ್ಷ್ಮಕ್ಕ ಕೈ ತೊಳೆಯಲು ಏಳುತ್ತಿದ್ದಳು. ಕೊನೆಕೊನೆಗೆ ಯಾರೂ ನಗುತ್ತಿರಲಿಲ್ಲ. ಶೆಡ್ಡಿನೊಳಗೆ ಅಪ್ಪನಿಗೂ ಅದು ಕೇಳುತ್ತಿತ್ತು, ಅವನು ತಲೆ ಎತ್ತುತ್ತಿರಲಿಲ್ಲ. ಒಂದು ದಿನ ರೈಟರು ತಗಡನ್ನು ಕೋಳಿಗೂಡಿನ ಮೇಲೆ ಹಾಕಲು ತೆಗೆದುಕೊಂಡು ಹೋದರು. ಮರುದಿನ ಅವಳು ಬರೀ ಸಿಮೆಂಟ್ ಕಣಕ್ಕೇ ಬೀಳಿಸಿದಳು. ಟಕ್. ಅದೂ ಒಂದೇ.

ಅವಳು ಸರಿ ಎಂದು ಎಲ್ಲರಿಗೂ ಗೊತ್ತಾಯಿತು. ಆದರೆ ಸ್ಕೂಲು ತಿರುಗಿ ಬರಲಿಲ್ಲ. ಅದಕ್ಕೆ ಬೇಕಿದ್ದದ್ದು ಇನ್ನೊಂದು ಸದ್ದಲ್ಲ, ನನ್ನ ಒಂದು ಮಾತು.

ನಾನೂ ಚಿಕ್ಕವಳು, ನನ್ನ ಓದೂ ನಿಂತಿತ್ತು, ಮಕ್ಕಳ ಹೊಟ್ಟೆಕಿಚ್ಚು ಯಾರ ಮನೆಯಲ್ಲಿಲ್ಲ ಎಂದು ನನಗೆ ಸಮಾಧಾನ ಹೇಳುವವರಿದ್ದಾರೆ. ಆ ಸಮಾಧಾನ ನನಗೆ ಬೇಡ. ನನ್ನಿಂದ ಓದು ಕಿತ್ತುಕೊಂಡವರು ಬೇರೆ. ಅವಳಿಂದ ಕಿತ್ತುಕೊಂಡವಳು ನಾನು.

ಗಿರಿಜ ಮದುವೆಯಾಗಿ ಈಗ ಜಾವಳಿಯಲ್ಲಿದ್ದಾಳೆ. ಹೋದ ವರ್ಷ ಅವಳ ಮನೆಯ ಹಿಂದೆ ಇಬ್ಬರೂ ಮೆಣಸು ಬಿಡಿಸುತ್ತಾ ಕೂತಿದ್ದಾಗ ಇದನ್ನು ಹೇಳಿದೆ. ಅವಳ ಕೈ ನಿಲ್ಲಲಿಲ್ಲ.

“ನಂಗೆ ಅವತ್ತೇ ಗೊತ್ತಿತ್ತು. ನೀನು ಹೇಳ್ಬೇಕಾಗಿದ್ದು ನಂಗಲ್ಲ ಅಕ್ಕ, ಅವರಿಗೆ.”

ಅವರು ಈಗ ಎಲ್ಲಿದ್ದಾರೆ? ಅಪ್ಪ ಇಲ್ಲ, ರೈಟರು ಇಲ್ಲ, ಲಕ್ಷ್ಮಕ್ಕ ಇಲ್ಲ. ಪಲ್ಪರ್ ಶೆಡ್ಡನ್ನು ಕೆಡವಿದ್ದಾರೆ, ಕಣದಲ್ಲಿ ಹೋಂಸ್ಟೇಗೆ ಬಂದವರ ಕಾರುಗಳು ನಿಲ್ಲುತ್ತವೆ. ಹುಳಿವಾಸನೆಯೂ ಇಲ್ಲ. ನನ್ನ ಮಾತು ಕೇಳಬೇಕಿದ್ದ ಒಂದು ಕಣದ ತುಂಬ ಜನ ನನ್ನ ಕೈತಪ್ಪಿ ಹೋಗಿದ್ದಾರೆ. ಆದರೂ ಹೇಳುತ್ತೇನೆ. ಅಂದು ಅಲ್ಲಿದ್ದು ನಕ್ಕವರು ಯಾರಾದರೂ ಇದನ್ನು ಓದಿದರೆ ಕೇಳಿಸಿಕೊಳ್ಳಲಿ, ಅವರ ಮಕ್ಕಳು ಓದಿದರೂ ಆಗಬಹುದು: ಆ ಭಾನುವಾರ ತಡೆದದ್ದು ನನ್ನ ಎಡಗೈ. ಕಲ್ಲುಗಳು ತಡ ಮಾಡಲಿಲ್ಲ.