ನಾಲ್ಕು ತೂತಿನ ಹಟ

೧೯೯೮ರಲ್ಲಿ ನಾನು ಬಸವನ ಬಾಗೇವಾಡಿಯಲ್ಲಿ ಹನ್ನೆರಡು ಹಾಸಿಗೆಯ ಸ್ವಂತ ಆಸ್ಪತ್ರೆ ನಡೆಸುತ್ತಿದ್ದೆ. ಪುಣೆಯಲ್ಲಿ ತರಬೇತಿ ಮುಗಿಸಿ, ಆ ವರ್ಷವೇ ಲ್ಯಾಪರೊಸ್ಕೋಪ್ ಯಂತ್ರ ತಂದಿದ್ದೆ. ಹೊಟ್ಟೆಗೆ ನಾಲ್ಕು ಸಣ್ಣ ತೂತು ಮಾಡಿ, ಗ್ಯಾಸ್ ತುಂಬಿ ಉಬ್ಬಿಸಿ, ಒಂದು ತೂತಿನಿಂದ ಕ್ಯಾಮೆರಾ ಇಳಿಸುವುದು, ಟಿ.ವಿ. ಪರದೆ ನೋಡುತ್ತ ಉಳಿದ ತೂತುಗಳಿಂದ ಪಿತ್ತಕೋಶ ಬಿಡಿಸಿ ತೆಗೆಯುವುದು. ಹಳೆಯ ರೀತಿಯಲ್ಲಾದರೆ ಪಕ್ಕೆಲುಬಿನ ಕೆಳಗೆ ಗೇಣುದ್ದ ಕೊಯ್ಯಬೇಕಿತ್ತು. ಮುದ್ದೇಬಿಹಾಳ, ಸಿಂದಗಿ ಕಡೆಯವರೂ ಬಂದು ಆ ಟಿ.ವಿ. ನೋಡಿ ಹೋಗುತ್ತಿದ್ದರು. ಮೊದಲ ಆರು ಆಪರೇಶನ್ ಸಲೀಸಾಗಿ ಆದವು. ನನ್ನ ತಲೆಯ ಮೇಲೆ ಎರಡು ಕೋಡು ಮೂಡಿದ್ದವು ಅಂತಲೇ ಹೇಳಬೇಕು.

ಏಳನೆಯವರು ನಿಡಗುಂದಿಯ ಕಾಶೀಬಾಯಿ. ನಲವತ್ತೈದರ ಹೆಣ್ಣುಮಗಳು, ಊರಲ್ಲಿ ಹೊಲಿಗೆ ಕಲಿಸುತ್ತಿದ್ದರು. ಸ್ಕ್ಯಾನಿಂಗ್‌ನಲ್ಲಿ ಪಿತ್ತಕೋಶದ ತುಂಬ ಹರಳು ಕಂಡವು. ನಾನು ಯಂತ್ರದ ಗುಣಗಾನ ಮಾಡಿ, ನಾಲ್ಕೇ ತೂತು, ಮೂರನೇ ದಿನ ಮನೆಗೆ ಎಂದೆ. ಅವರು ಎಲ್ಲ ಕೇಳಿಸಿಕೊಂಡು, "ಹೊಟ್ಟಿನೋವು ಹೋಗ್ಲಿ ಡಾಕ್ಟರ್ರ, ನನಗ ಅಷ್ಟ ಸಾಕು" ಎಂದರು. ಆ ಮಾತು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಆಪರೇಶನ್ ಅರ್ಧಕ್ಕೆ ಬಂದಾಗ ಪಿತ್ತಕೋಶದ ರಕ್ತನಾಳ ಹರಿದು ಪರದೆ ಪೂರ್ತಿ ಕೆಂಪಾಯಿತು. ಅರಿವಳಿಕೆ ಕೊಡುತ್ತಿದ್ದ ಗೆಳೆಯ, "ಹೊಟ್ಟಿ ತೆರೀತೀ ಏನು?" ಎಂದು ಕೇಳಿದ. "ಎರಡು ನಿಮಿಷ ತಡಿ" ಎಂದೆ. ಆ ರಕ್ತದೊಳಗೇ ತಡಕಾಡಿ, ನಾಳದ ಬಾಯಿ ಮುಚ್ಚುವ ಲೋಹದ ಕ್ಲಿಪ್ ಮೂರು ಒತ್ತಿದೆ. ರಕ್ತ ನಿಂತಿತು. ನೀರು ಬಿಟ್ಟು ತೊಳೆದು ನೋಡಿದರೆ ಎರಡು ಕ್ಲಿಪ್ ಸರಿಯಾದ ಜಾಗದಲ್ಲಿದ್ದವು; ಮೂರನೆಯದು ಬಾತ ಮಾಂಸದ ಹಿಂದೆ ಅರೆಬರೆ ಕಾಣುತ್ತಿತ್ತು. ಅದರ ಪಕ್ಕದಲ್ಲೇ ಯಕೃತ್ತಿನಿಂದ ಕರುಳಿಗೆ ಪಿತ್ತ ಒಯ್ಯುವ ಮುಖ್ಯ ನಾಳ ಹಾದುಹೋಗುತ್ತದೆ. ಕ್ಲಿಪ್ ಅದನ್ನು ಹಿಡಿದಿದ್ದರೆ ಪಿತ್ತ ಹಿಂದಕ್ಕೆ ತುಂಬಿ ಕೆಲವೇ ದಿನಗಳಲ್ಲಿ ಮೈ, ಕಣ್ಣು ಹಳದಿಯಾಗುತ್ತವೆ. ತಡವಾದರೆ ಜೀವಕ್ಕೇ ಕುತ್ತು. ಹೊಟ್ಟೆ ತೆರೆದಿದ್ದರೆ ಕಣ್ಣಾರೆ ನೋಡಬಹುದಿತ್ತು. ಆದರೆ ನಾಲ್ಕು ತೂತು ಅಂತ ಊರಿಗೆಲ್ಲ ಹೇಳಿಕೊಂಡವನು ನಾನು. ಸರಿ ಇದ್ದಂತಿದೆ ಎಂದುಕೊಂಡು ಮುಗಿಸಿದೆ.

ಹೊರಗೆ ಬಂದು ಅವರ ಗಂಡ ಸಂಗಪ್ಪನವರಿಗೆ ಬಾಟಲಿಯಲ್ಲಿ ಹರಳು ತೋರಿಸಿ ನಕ್ಕೆ. ಮೂರನೇ ದಿನ ಮನೆಗೆ ಕಳಿಸುವಾಗ ಮಾತ್ರ, "ಮೈ ಹಳದಿ ಆದ್ರ ಆ ಕ್ಷಣಕ್ಕ ಫೋನ್ ಮಾಡ್ರಿ" ಎಂದು ಮೂರು ಸಲ ಹೇಳಿದೆ.

ಮರುದಿನ ಮಧ್ಯಾಹ್ನ ಎಸ್.ಟಿ.ಡಿ. ಬೂತಿನಿಂದ ಸಂಗಪ್ಪನವರ ಫೋನ್. "ಡಾಕ್ಟರ್ರ, ಹಳದಿ ಆಗ್ಯಾಳ್ರಿ! ಹೊಟ್ಟಿ, ತೋಳು, ಪಟ್ಟಿ ಎಲ್ಲಾ ಹಳದಿ!" ಕಣ್ಣು ಹೇಗಿದೆ ಎನ್ನುವಷ್ಟರಲ್ಲಿ ಲೈನ್ ಕಟ್ಟಾಯಿತು. ಕಾಯುತ್ತಿದ್ದ ರೋಗಿಗಳನ್ನು ಬಿಟ್ಟು ಕಾರು ಹತ್ತಿದೆ. ದಾರಿಯುದ್ದಕ್ಕೂ ಆ ಮೂರನೇ ಕ್ಲಿಪ್ಪೇ ಕಣ್ಣ ಮುಂದೆ. ಎರಡು ನಿಮಿಷ ತಡಿ ಎಂದ ನನ್ನ ಬಾಯಿಗೆ ನಾನೇ ಬಡಿದುಕೊಳ್ಳಬೇಕು ಅನ್ನಿಸಿತು.

ಹೋಗಿ ನೋಡಿದರೆ ಕಾಶೀಬಾಯಿ ಹೊರಸಿನ ಮೇಲೆ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದರು. ಕುತ್ತಿಗೆಯಿಂದ ಹೊಟ್ಟೆಯವರೆಗೆ ಹಳದಿಯೋ ಹಳದಿ. ರೆಪ್ಪೆ ಎಳೆದು ನೋಡಿದೆ. ಕಣ್ಣು ಅಚ್ಚ ಬಿಳಿ! ಆಗ ಮೂಗಿಗೆ ಬಡಿಯಿತು, ಬಿಸಿ ಎಣ್ಣೆಯಲ್ಲಿ ಕಲಸಿದ ಅರಿಷಿಣದ ವಾಸನೆ. ಅವರ ಅತ್ತೆ ಬಟ್ಟಲು ಹಿಡಿದೇ ಒಳಗಿನಿಂದ ಬಂದರು.

"ಹೆಗಲು ನೋವು ಅಂದ್ಳ್ರಿ, ಹಚ್ಚಿದೆ. ಗಾಯಕ್ಕೂ ಛಲೋ ಅಂತ ಹೊಟ್ಟಿಗೂ ಸವರಿದೆ. ಈ ಹುಚ್ಚಪ್ಯಾಲಿ ಹೊಲದಿಂದ ಬಂದಾಂವ ಒಂದು ಮಾತು ಕೇಳ್ಬಾರದೇನ್ರಿ? ನೋಡಿದಾಂವನ ಓಡಿದ!"

ಸಂಗಪ್ಪನವರು ಬಾಗಿಲಲ್ಲೇ ತಲೆ ಕೆರೆಯುತ್ತ ನಿಂತಿದ್ದರು. ತಪ್ಪು ಅವರದ್ದಲ್ಲ. ಒಳಗೆ ಉಳಿದ ಗ್ಯಾಸಿನಿಂದ ಒಂದೆರಡು ದಿನ ಹೆಗಲು ನೋಯುತ್ತದೆ, ಹೆದರಬೇಡಿ ಎಂದು ನಾನು ಹೇಳಿರಲೇ ಇಲ್ಲ. ನೆಲದ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಗಾಯ ತೊಳೆದು ಹೊಸ ಪಟ್ಟಿ ಹಾಕಿದೆ. ಆದರೂ ರಕ್ತ ತೆಗೆದುಕೊಂಡು ಬಂದು ಪರೀಕ್ಷೆಗೆ ಕೊಟ್ಟೆ, ಮರುದಿನ ಹೊಟ್ಟೆಯ ಸ್ಕ್ಯಾನಿಂಗ್ ಕೂಡ ಮಾಡಿಸಿದೆ. ಎರಡೂ ಸರಿಯಾಗಿದ್ದವು. ಕ್ಲಿಪ್ ನಾಳವನ್ನು ಮುಟ್ಟಿರಲಿಲ್ಲ. ಎಷ್ಟು ಹಗುರಾದೆನೆಂದರೆ, ಅವತ್ತು ರಾತ್ರಿ ಎರಡು ಸಲ ಊಟ ಮಾಡಿದೆ.

ಹೊಲಿಗೆ ಬಿಚ್ಚಿಸಿಕೊಳ್ಳಲು ಬಂದ ದಿನ ಕಾಶೀಬಾಯಿಗೆ ಎಲ್ಲ ಹೇಳಿಬಿಟ್ಟೆ. ರಕ್ತ, ಕಾಣದ ಕ್ಲಿಪ್, ಹೊಟ್ಟೆ ತೆರೆಯದೆ ಹಟ ಹಿಡಿದದ್ದು. ಕೇಳಿಸಿಕೊಂಡು ಅವರು ಎಂದರು:

"ಹೊಲಿಗಿ ಎಲ್ಲಿ ಬಿತ್ತಂತ ಕಾಣದಿದ್ರ ನಾ ಬಿಚ್ಚಿ ನೋಡ್ತೇನ್ರಿ, ಅದರಾಗ ಎಂಥಾ ನಾಚಿಕಿ? ತೂತು ಸಣ್ಣದಿರ್ಲಿ ಅಂತ ನಾ ಕೇಳಿದ್ನೇನ್ರಿ? ಅದು ನಿಮಗ ಬೇಕಾಗಿತ್ತು."

ಆಮೇಲೆ ಇಂಥ ನೂರಾರು ಆಪರೇಶನ್ ಮಾಡಿದೆ. ಪ್ರತಿಯೊಬ್ಬರಿಗೂ ಮೊದಲೇ ಹೇಳುತ್ತಿದ್ದೆ: ನಾಲ್ಕು ತೂತಿನಲ್ಲಿ ಶುರು ಮಾಡುತ್ತೇನೆ, ಕಾಣದಿದ್ದರೆ ಹೊಟ್ಟೆ ತೆರೆಯುತ್ತೇನೆ. ಪರದೆ ಕೆಂಪಾಗಿ ದಾರಿ ಕಾಣದಾದಾಗಲೆಲ್ಲ, ಗೆಳೆಯ ಕೇಳುವ ಮುಂಚೆ ನಾನೇ ಚಾಕುವಿಗೆ ಕೈ ಚಾಚಿದ್ದೇನೆ.