ಮೊದಲ ಗುಂಡಿನ ಹಕ್ಕಿ

ನಮ್ಮೂರ ಕೆರೆಯಲ್ಲಿ ಬಾತುಕೋಳಿ ಹೊಡೆಯಲು ಹೋಗಿ ನನ್ನ ಅಣ್ಣ ತೀರಿಕೊಂಡ. ಹಾಗೆ ಹೇಳಿದರೆ ಎಲ್ಲರೂ, ಗುಂಡು ತಗುಲಿತೇ ಎಂದು ಕೇಳುತ್ತಾರೆ. ಇಲ್ಲ. ಆ ಕೆರೆಯಲ್ಲಿ ಹಾರಿದ ಗುಂಡು ಹಕ್ಕಿಗೇ ನೆಟ್ಟಗೆ ತಗುಲುತ್ತಿರಲಿಲ್ಲ, ಮನುಷ್ಯರಿಗೆಲ್ಲಿಂದ ತಗುಲಬೇಕು!

ನನ್ನ ತವರು ಶಿಗ್ಗಾಂವಿ ತಾಲೂಕಿನಲ್ಲಿ, ತಡಸದಿಂದ ಒಳಗಿನ ಒಂದು ಸಣ್ಣ ಊರು. ಕಡಲೆ ಹೂ ಬಿಡುವ ಹೊತ್ತಿಗೆ ಅಲ್ಲಿಯ ಕೆರೆಗೆ ಬಾತುಕೋಳಿಗಳು ಬರುತ್ತವೆ. ರಾತ್ರಿಯೆಲ್ಲ ಗದ್ದೆಗಳಲ್ಲಿ ಮೇಯ್ದು, ಬೆಳಕು ಹರಿಯುವಾಗ ನೀರಿಗೆ ಮರಳುತ್ತವೆ. ನಮ್ಮ ಮನೆಯಲ್ಲಿ ಅಪ್ಪನ ಕಾಲದ ಒಂಟಿ ನಳಿಗೆಯ ಬಂದೂಕು ಇತ್ತು. ಗೋವಿನಜೋಳಕ್ಕೆ ನುಗ್ಗುವ ಕಾಡುಹಂದಿಗಳನ್ನು ಬೆದರಿಸಲೆಂದು ಕೊಟ್ಟ ಲೈಸನ್ಸು ಅದರದು. ಹಂದಿಗಳು ಅದಕ್ಕೆ ಹೆದರಿದ್ದನ್ನು ನಾನಂತೂ ನೋಡಿಲ್ಲ. ಹಕ್ಕಿ ಹೊಡೆಯುವುದು ಅಪರಾಧವೆಂದು ಊರಿಗೆಲ್ಲ ಗೊತ್ತಿತ್ತು. ಗೊತ್ತಿದ್ದೂ ಚಳಿಗಾಲದ ಭಾನುವಾರಗಳಂದು ಕೆರೆಯ ಕಡೆಯಿಂದ ಢಂ ಢಂ ಕೇಳುತ್ತಿತ್ತು, ಯಾರೂ ತಲೆ ಎತ್ತುತ್ತಿರಲಿಲ್ಲ.

ಕೆರೆಯಲ್ಲಿ ಒಂದು ಪದ್ಧತಿ ಇತ್ತು. ಮೊದಲ ಗುಂಡು ಯಾರದೋ, ಹಕ್ಕಿ ಅವನದು. ಆದರೆ ಅವನೇ ನೀರಿಗಿಳಿದು ತರಬೇಕು. ಇಳಿಯದಿದ್ದರೆ ಹಕ್ಕು ಹೋಯಿತು, ಬೇರೆ ಯಾರು ತಂದರೆ ಅವರದು. ಜಗಳ ಆಗಬಾರದೆಂದು ಹಿರಿಯರು ಮಾಡಿದ್ದು. ಆಗ ಇಡೀ ಕೆರೆಗೆ ಎರಡೇ ಬಂದೂಕು. ಅಪ್ಪ ಜೊಂಡಿನೊಳಗೆ ಕುಂತು, ಹಕ್ಕಿಯ ಕಾಲಿನ ಬಣ್ಣ ಕಾಣುವತನಕ ಬಂದೂಕಿನ ಕುದುರೆ ಎಳೆಯುತ್ತಿರಲಿಲ್ಲವಂತೆ. ನಮ್ಮ ಅಣ್ಣನ ಕಾಲಕ್ಕೆ ಹಾನಗಲ್ಲಿನಿಂದ ಅವನ ಒಬ್ಬ ಗೆಳೆಯ ಬರತೊಡಗಿದ, ಸವಣೂರಿನಿಂದ ಜೋಡು ನಳಿಗೆಯ ಬಂದೂಕು ಹಿಡಿದು ಜೀಪಿನಲ್ಲಿ ಇನ್ನೊಬ್ಬ ಬರತೊಡಗಿದ. ಎದುರು ದಂಡೆಯಲ್ಲಿ ಬೇರೆ ಊರಿನವರು. ಬಂದೂಕು ಹೆಚ್ಚಾದವು, ಪದ್ಧತಿ ಮಾತ್ರ ಅದೇ ಉಳಿಯಿತು. ಮೊದಲು ಹೊಡೆದವನಿಗೆ ಹಕ್ಕಿ ಎಂದಮೇಲೆ ಹತ್ತಿರ ಬರಲಿ ಎಂದು ಯಾವನು ಕಾಯುತ್ತಾನೆ? ಹಕ್ಕಿಗಳು ಆಕಾಶದಲ್ಲಿ ಇನ್ನೂ ಎಳ್ಳಿನಷ್ಟು ಕಾಣುವಾಗಲೇ ಸುರುವಾಗುತ್ತಿತ್ತು.

ಒಮ್ಮೆ ನಾನು ಕೇಳಿಯೇ ಬಿಟ್ಟೆ. "ಅಣ್ಣಾ, ಅಷ್ಟ ಮ್ಯಾಲ ಹೊಂಟಾವ, ಗುಂಡು ಮುಟ್ಟಂಗಿಲ್ಲಂತ ನಿನಗ ಗೊತ್ತೈತಿ. ಯಾಕ ಹೊಡೀತಿ?"

"ನಾ ಹೊಡೀಲಿಲ್ಲಂದ್ರ ಅವ ಹೊಡೀತಾನವಾ," ಎಂದ. ಎಷ್ಟು ಸರಳವಾಗಿ ಹೇಳಿದನೆಂದರೆ, ನನ್ನದೇ ತಲೆ ಕೆಟ್ಟಿರಬೇಕು ಎನಿಸಿತು.

ಅಷ್ಟು ಮೇಲೆ ಹೋದ ಸೀಸದ ಕಾಳು ಹಕ್ಕಿಯನ್ನು ಕೊಲ್ಲುವುದಿಲ್ಲ. ಒಂದೋ ಎರಡೋ ತಗುಲಿ, ಹಕ್ಕಿ ಹಾಗೇ ಹಾರಿಹೋಗುತ್ತದೆ. ಸೋಮವಾರ ಮಂಗಳವಾರ ಹೊಲಕ್ಕೆ ಹೋದರೆ ಕಡಲೆ ಸಾಲುಗಳ ನಡುವೆ ರೆಕ್ಕೆ ಜೋತು ಬಿದ್ದ ಬಾತುಕೋಳಿ ಕುಂತಿರುತ್ತಿತ್ತು. ಹತ್ತಿರ ಹೋದರೆ ಏಳುತ್ತಿರಲಿಲ್ಲ, ಬರೀ ನೋಡುತ್ತಿತ್ತು. ಸಂಜೆಯೊಳಗೆ ನಾಯಿಗಳು ಮುಗಿಸುತ್ತಿದ್ದವು. ಇದನ್ನು ಬೇಟೆ ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ.

ಆ ಚಳಿಗಾಲ ನಾನು ಹಿರೇಕೆರೂರಿನ ಗಂಡನ ಮನೆಯಿಂದ ಒಂದು ವಾರದ ಮಟ್ಟಿಗೆ ತವರಿಗೆ ಬಂದಿದ್ದೆ. ಮನೆಯಲ್ಲಿ ಅಣ್ಣ ಮತ್ತು ವೈನಿ ಇಬ್ಬರೇ. ವೈನಿ ಅಣ್ಣನ ಹೆಂಡತಿ, ನನಗಿಂತ ಒಂದೆರಡು ವರ್ಷಕ್ಕೆ ದೊಡ್ಡವಳು, ಮಾತಿಗೆ ಮುಂಚೆ ನಗುವವಳು. ಭಾನುವಾರ ನಸುಕಿನಲ್ಲಿ ಹೊದೆಯುವ ಕೌದಿ ಒಗೆಯಲೆಂದು ನಾನು ಅಣ್ಣನ ಜೊತೆಗೇ ಕೆರೆಗೆ ಹೊರಟೆ. ಮಂದಿ ಎದ್ದು ಬರುವ ಮೊದಲು ಒಗೆಯುವ ಕಲ್ಲು ಹಿಡಿಯಬೇಕಿತ್ತು ನನಗೆ, ಜೊಂಡಿನ ಮರೆ ಹಿಡಿಯಬೇಕಿತ್ತು ಅವನಿಗೆ. ಹಾನಗಲ್ಲಿನವನೂ ಸವಣೂರಿನವನೂ ಆಗಲೇ ಬಂದು ಕುಂತಿದ್ದರು. ರಿಂಗಾದರೆ ಹಕ್ಕಿ ಬೆದರುತ್ತವೆಂದು ಫೋನುಗಳನ್ನು ಕೆರೆಯ ಏರಿಯ ಆಚೆ ನಿಲ್ಲಿಸಿದ ಜೀಪಿನಲ್ಲೇ ಬಿಟ್ಟು ಬರುವುದು ಅವರ ವಾಡಿಕೆ. ಅಣ್ಣನೂ ತನ್ನದನ್ನು ಅಲ್ಲೇ ಇಟ್ಟು ಬಂದ. ನನ್ನದು ಮನೆಯಲ್ಲಿತ್ತು.

ಕೆರೆಯ ಬಗ್ಗೆ ಒಂದು ಮಾತು ಹೇಳಬೇಕು. ಹಿಂದಿನ ಬೇಸಿಗೆಯಲ್ಲಿ ಜೆಸಿಬಿ ತಂದು ಹೂಳು ಎತ್ತಿದ್ದರು. ಎತ್ತಿದರು ಎನ್ನುವುದಕ್ಕಿಂತ ಕಂಡಕಂಡಲ್ಲಿ ಬಾಚಿಕೊಂಡು ಹೋದರು. ಕಪ್ಪು ಮಣ್ಣು ಎಲ್ಲರ ಹೊಲಕ್ಕೂ ಹೋಯಿತು, ನಮ್ಮ ಹೊಲಕ್ಕೂ ಬಂತು. ಕೆರೆಯೊಳಗೆ ಮನೆ ಮುಳುಗುವಷ್ಟು ಆಳದ ಗುಂಡಿಗಳು ಉಳಿದವು. ಮಳೆ ಬಿದ್ದು ಕೆರೆ ತುಂಬಿದ ಮೇಲೆ ಮೇಲಿನಿಂದ ನೋಡಿದರೆ ನೀರು ಎಲ್ಲ ಕಡೆ ಒಂದೇ ಸಮ. ಗುಂಡಿಗಳ ನಡುವೆ ಟ್ರ್ಯಾಕ್ಟರ್ ಓಡಾಡಿದ ಗಟ್ಟಿ ದಾರಿ ಎಲ್ಲಿದೆ ಎನ್ನುವುದು ಅಣ್ಣನಿಗೆ ಗೊತ್ತಿತ್ತು. ಎದೆಮಟ್ಟದ ನೀರಿನಲ್ಲಿ ಅದರ ಮೇಲೆಯೇ ನಡೆದು ಅವನು ಎಷ್ಟೋ ಸಲ ಹಕ್ಕಿ ತಂದಿದ್ದ.

ಬೆಳಕು ಹರಿಯಿತು. ಗದ್ದೆಗಳ ಕಡೆಯಿಂದ ಹಿಂಡು ಬಂತು, ಎಂದಿನಂತೆ ಬಹಳ ಎತ್ತರದಲ್ಲಿ. ಅಣ್ಣ ಹೊಡೆದ. ಅವನ ಹಿಂದೆಯೇ ಜೋಡು ನಳಿಗೆಯೂ ಸಿಡಿಯಿತು. ಹಿಂಡು ಚದುರಿ ಮತ್ತೆ ಕೂಡಿಕೊಂಡು ಹೋಯಿತು. ಅದರಲ್ಲಿ ಒಂದು ಹಕ್ಕಿ ಮಾತ್ರ ಹಿಂದೆ ಬಿತ್ತು, ಒಂದೇ ರೆಕ್ಕೆಯಲ್ಲಿ ತೂಗಾಡುತ್ತ ಇಳಿದು ಕೆರೆಯ ನಡುವೆ ಕುಂತಿತು. ಸತ್ತಿರಲಿಲ್ಲ, ತಲೆ ಎತ್ತಿಕೊಂಡೇ ಇತ್ತು.

"ನಂದು!" ಎಂದ ಅಣ್ಣ.

"ಇಳದ ತಂದ್ರ ನಿಂದೋ ಮಾರಾಯಾ. ಚಳಿ ಆಕ್ಕೈತಿ ಅಂದ್ರ ಹೇಳು, ನಾ ಇಳೀತೇನಿ," ಎಂದು ಸವಣೂರಿನವನು ನಕ್ಕ.

ಅಣ್ಣ ಬಂದೂಕನ್ನು ಹಾನಗಲ್ಲಿನ ಗೆಳೆಯನ ಕೈಗೆ ಕೊಟ್ಟು, ತೊಟ್ಟ ಪ್ಯಾಂಟಿನಲ್ಲೇ ಇಳಿದ. ಆ ಗಟ್ಟಿ ದಾರಿಯ ಮೇಲೆಯೇ ಹೆಜ್ಜೆ ಇಟ್ಟು ಹೋಗುತ್ತಿದ್ದುದು ನನಗೆ ಕಲ್ಲಿನ ಮೇಲಿನಿಂದ ಕಾಣುತ್ತಿತ್ತು. ಹಕ್ಕಿಯ ಹತ್ತಿರ ಹೋದ, ಕೈ ಚಾಚಿದ. ಹತ್ತಿರದಿಂದ ಹೊಡೆದ ಹಕ್ಕಿಯಾಗಿದ್ದರೆ ಬಿದ್ದಲ್ಲೇ ತೇಲುತ್ತಿತ್ತು. ಇದು ಈಜಿ ಮುಂದೆ ಸರಿಯಿತು. ಅವನೂ ಸರಿದ. ಅದು ರೆಕ್ಕೆ ಬಡಿದು ಪಕ್ಕಕ್ಕೆ ಹೊರಳಿತು. ಅವನೂ ಪಕ್ಕಕ್ಕೆ ಹಾರಿ ಹಿಡಿಯಲು ಹೋದ, ಮತ್ತು ತಲೆಯವರೆಗೂ ಒಳಗೆ ಹೋದ.

ಅಣ್ಣನಿಗೆ ಈಜು ಬರುತ್ತಿತ್ತು. ಆದರೆ ಅದು ಬಾವಿಯ ಈಜು, ತಿಳಿನೀರಿನದು. ಗುಂಡಿಯ ಅಂಚೆಲ್ಲ ಅಂಟುಮಣ್ಣು, ಒಳಗೆ ಬಳ್ಳಿಗಳ ಗೋಜಲು. ಎರಡು ಸಲ ಮೇಲೆ ಬಂದ. ಎರಡನೆಯ ಸಲ ನನ್ನ ಕಡೆ ನೋಡಿದ ಎಂದು ನನಗೆ ಅನಿಸುತ್ತದೆ. ಅಷ್ಟು ದೂರದಿಂದ ಖಾತ್ರಿಯಾಗಿ ಹೇಳಲಾರೆ. ನನ್ನ ಕೈಯಲ್ಲಿದ್ದದ್ದು ಒದ್ದೆ ಕೌದಿ. ಅದನ್ನೇ ಅವನ ಕಡೆ ಎಸೆದೆ. ನಾಲ್ಕು ಮೊಳ ಕೂಡ ಹೋಗದೆ ನನ್ನ ಕಾಲ ಮುಂದೆಯೇ ಮುಳುಗಿತು.

ಸವಣೂರಿನವನು ನೀರಿಗೆ ಹಾರಿದ. ಅವನಿಗೆ ಆ ದಾರಿ ಗೊತ್ತಿರಲಿಲ್ಲ, ಈಜೂ ಬರುತ್ತಿರಲಿಲ್ಲ. ಕುತ್ತಿಗೆಮಟ್ಟ ಹೋಗಿ ಕಾಲು ನೆಲ ಬಿಟ್ಟಾಗ ಹಿಂದಕ್ಕೆ ಬಂದ. ಅವನನ್ನು ಕೊಲೆಗಾರ ಎನ್ನಲು ಆಗಿದ್ದರೆ ನನ್ನ ಎದೆ ಎಷ್ಟೋ ಹಗುರಾಗುತ್ತಿತ್ತು. ನೀರೊಳಗಿಂದಲೇ ಅವನು ಒದರಿದ: "ಗುಂಡ ಹಾರಸೋ! ಸಪ್ಪಳ ಕೇಳಿ ಮಂದಿ ಬರ್ತಾರ!"

ಹಾನಗಲ್ಲಿನವನು ಹಾರಿಸಿದ. ತೋಟಾ ತುಂಬಿದ, ಮತ್ತೆ ಹಾರಿಸಿದ. ಅವಸರದಲ್ಲಿ ತೋಟಾಗಳು ಕೆಸರಿಗೆ ಬೀಳುತ್ತಿದ್ದವು. ಏರಿಯ ಮೇಲೆ ಹಾಲಿನ ಕ್ಯಾನು ಕಟ್ಟಿಕೊಂಡು ಬೈಕಿನವನೊಬ್ಬ ಹೋಗುತ್ತಿದ್ದ. ನಾನು ಎರಡೂ ಕೈ ಎತ್ತಿ ಬೀಸಿದೆ. ಅವನೂ ಒಂದು ಕೈ ಎತ್ತಿ ಬೀಸಿ ಹೋದ. ಎದುರು ದಂಡೆಯವರು ಇವರಿಗೆ ಇಷ್ಟೊಂದು ಹಕ್ಕಿ ಸಿಕ್ಕವೆಂದುಕೊಂಡು ತಾವೂ ಎರಡು ಗುಂಡು ಮೇಲಕ್ಕೆ ಬಿಟ್ಟರು. ಊರಿನಿಂದ ಒಂದು ನರಪಿಳ್ಳೆಯೂ ಬರಲಿಲ್ಲ. ಭಾನುವಾರ ಕೆರೆಯಲ್ಲಿ ಗುಂಡಿನ ಸದ್ದಾದರೆ ಯಾರು ಬರುತ್ತಾರೆ?

ನಾನು ಊರಿಗೆ ಓಡಿದೆ. ಮೊದಲು ಸಿಗುವುದು ನಮ್ಮದೇ ಮನೆ. ವೈನಿ ಒರಳಿನ ಮುಂದೆ ಕುಂತು ಮಸಾಲೆ ಅರೆಯುತ್ತಿದ್ದಳು.

"ಎಷ್ಟ ಬಿದ್ದುವಬೇ? ಗುಂಡಿನ ಸಪ್ಪಳ ನಿಲ್ಲವಲ್ದು! ಮಂದಿ ಊಟಕ್ಕ ನಿಲ್ತಾರಂತ ಖಾರ ಜಾಸ್ತೀನ ಹಾಕೇನಿ," ಎಂದು ನಕ್ಕಳು.

ನಾನು ಏನು ಹೇಳಿದೆನೋ ನೆನಪಿಲ್ಲ. ಅವಳ ಮುಖ ಮಾತ್ರ ನೆನಪಿದೆ.

ಮೀನು ಹಿಡಿಯುವವರು ಬಲೆ ತಂದು ಅವನನ್ನು ಎಳೆದರು. ದಂಡೆಯ ಮೇಲೆ ಮಲಗಿಸಿದಾಗ ಮುಖದ ತುಂಬ ಕೆಸರಿತ್ತು. ಒರೆಸು ಎಂದು ಯಾರೋ ವೈನಿಗೆ ಹೇಳಿದರು. ಅವಳು ಎರಡೂ ಕೈಗಳನ್ನು ಮೈಯಿಂದ ದೂರ ಹಿಡಿದು ನಿಂತಿದ್ದಳು.

"ನೀರ ಕೊಡ್ರಿ, ಮೊದಲ ಕೈ ತೊಳಕೋತೇನಿ," ಎಂದಳು. "ಕೈಗೆ ಖಾರ ಐತಿ. ಅವರ ಕಣ್ಣಿಗೆ ಹತ್ತೇತು."

ಸ್ನಾನಕ್ಕೆ ಇಳಿದಾಗ ಕಾಲು ಜಾರಿತು ಎಂದು ಊರವರೆಲ್ಲ ಪೊಲೀಸರಿಗೆ ಹೇಳಿದರು. ಅಂಥ ಚಳಿಯ ನಸುಕಿನಲ್ಲಿ ಪ್ಯಾಂಟು ತೊಟ್ಟುಕೊಂಡು ಯಾರು ಸ್ನಾನ ಮಾಡುತ್ತಾರೆಂದು ಅವರೂ ಕೇಳಲಿಲ್ಲ. ನಾನೂ ಬಾಯಿ ಬಿಡಲಿಲ್ಲ, ವೈನಿ ಬೇಡವೆಂದಳು. ಸವಣೂರಿನವನು ಮತ್ತೆ ಬರಲಿಲ್ಲ. ಬೇರೆಯವರು ಬರುತ್ತಾರೆ. ಪದ್ಧತಿ ಅದೇ, ಗುಂಡಿಗಳೂ ಹಾಗೇ ಇವೆ. ಹಕ್ಕಿಗಳು ಈಗ ಇನ್ನೂ ಮೇಲೆ ಹಾರುತ್ತವೆ, ಇವರು ಇನ್ನೂ ಮೇಲಕ್ಕೆ ಹೊಡೆಯುತ್ತಾರೆ. ನನ್ನ ಸಿಟ್ಟು ಇಳಿದಿಲ್ಲ, ಇಳಿಯಲಿ ಎಂದು ನನಗೆ ಅನಿಸಿಯೂ ಇಲ್ಲ.

ಚಳಿಗಾಲದಲ್ಲಿ ತವರಿಗೆ ಹೋದಾಗ ನೋಡುತ್ತೇನೆ. ಕೆರೆಯ ಕಡೆ ಸದ್ದಾದ ಕೂಡಲೇ ವೈನಿ ಕೈಯಲ್ಲಿದ್ದದ್ದನ್ನು ಬಿಟ್ಟು ಓಡುತ್ತಾಳೆ. ಊರಿನಲ್ಲಿ ಓಡುವವಳು ಅವಳೊಬ್ಬಳೇ. ಬೇಡವೆಂದು ಮೊದಮೊದಲು ನಾನು ತಡೆದೆ, ಈಗ ಹಿಂದೆ ಹೋಗುತ್ತೇನೆ. ಏರಿ ಹತ್ತಿ ಏದುಸಿರು ಬಿಡುತ್ತ, "ಯಾರ ಬಿದ್ರು?" ಎಂದು ಕೇಳುತ್ತಾಳೆ. ಅವರು ಬಂದೂಕನ್ನು ಬೆನ್ನ ಹಿಂದೆ ಸರಿಸಿ, "ಯಾರೂ ಇಲ್ರಿ ಅಕ್ಕಾರ. ಹಕ್ಕಿ ರೀ. ಅವೂ ಬೀಳಲಿಲ್ಲ," ಎನ್ನುತ್ತಾರೆ. ಅವಳು ಆ ಮಾತು ನಂಬುವುದಿಲ್ಲ. ದಂಡೆಯ ಮೇಲೆ ನಿಂತವರ ಮುಖವನ್ನು ಒಬ್ಬೊಬ್ಬರದಾಗಿ ನೋಡಿ, ಬಂದವರೆಲ್ಲ ಇದ್ದಾರೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ಮನೆಗೆ ಬರುತ್ತಾಳೆ.